ಕಾಣದ ಸೋಂಕಿನ ಲೆಕ್ಕ

2020ರ ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಕರ್ನಾಟಕದಲ್ಲಿ ಕೋವಿಡ್ ದೃಢಪಟ್ಟವರು ಐದು ಲಕ್ಷದ ಹತ್ತಿರ ಇದ್ದರು. ಅದೇ ತಿಂಗಳು ರಾಜ್ಯ ಸರ್ಕಾರ ನಡೆಸಿದ ಸಮೀಕ್ಷೆಯ ಪ್ರಕಾರ 7.07 ಕೋಟಿ ಜನರಲ್ಲಿ ಸುಮಾರು 1.93 ಕೋಟಿ ಮಂದಿಗೆ ಸೋಂಕು ತಗುಲಿತ್ತು. ಅಂದರೆ ಪತ್ತೆಯಾದ ಒಬ್ಬರಿಗೆ ಸುಮಾರು ನಲವತ್ತು ಸೋಂಕಿತರು. ಮೊದಲನೆಯದು ಗಟ್ಟಿ ಎಣಿಕೆ, ಎರಡನೆಯದು ಬರೀ ಅಂದಾಜು ಎಂದು ಬೇರ್ಪಡಿಸುವುದು ಸುಲಭ. ನಾನು ಅದನ್ನು ಒಪ್ಪುವುದಿಲ್ಲ.

ಪರೀಕ್ಷಾ ಕಿಟ್ಟುಗಳು ಸಾಲದಿದ್ದಾಗ ಯಾರನ್ನು ಪರೀಕ್ಷಿಸಬೇಕೆಂದು ಯಾರೋ ತೀರ್ಮಾನಿಸಿರುತ್ತಾರೆ. ಆ ವರ್ಷದ ಮಾರ್ಚ್ ಆರಂಭದಲ್ಲಿ ಪರೀಕ್ಷೆ ಮುಖ್ಯವಾಗಿ ವಿದೇಶದಿಂದ ಬಂದವರಿಗೆ, ಅವರ ಸಂಪರ್ಕದಲ್ಲಿದ್ದವರಿಗೆ. ಹಳ್ಳಿಯಲ್ಲಿ ಕೆಮ್ಮುತ್ತಿದ್ದ ಕೂಲಿಯವನು ಆ ಪಟ್ಟಿಗೆ ಸೇರಲು ದಾರಿಯೇ ಇರಲಿಲ್ಲ. ದೃಢಪಟ್ಟವರಷ್ಟೇ ಸೋಂಕಿತರು ಎಂದು ಓದಿದರೆ, ಪರೀಕ್ಷೆಯಾಗದವರಲ್ಲಿ ಸೋಂಕು ಸೊನ್ನೆ ಎಂದು ಊಹಿಸಿದಂತಾಯಿತು. ಅದೂ ಅಂದಾಜೇ, ಎಲ್ಲಕ್ಕಿಂತ ಕೆಟ್ಟ ಅಂದಾಜು.

ಹಾಗೆಂದು ಇಂಥ ಸಮೀಕ್ಷೆಗಳು ರಕ್ತದಲ್ಲಿ ಪ್ರತಿಕಾಯ (ಹಿಂದೆ ಸೋಂಕು ತಗುಲಿದ್ದರ ಗುರುತು) ಹುಡುಕಿ ತೆಗೆದ ಸಂಖ್ಯೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 2020ರ ಮೇ–ಜೂನ್‌ನ ರಾಷ್ಟ್ರೀಯ ಸಮೀಕ್ಷೆ ವಯಸ್ಕರಲ್ಲಿ ಶೇ 0.73 ಸೋಂಕು ಕಂಡಿತು. ಸೋಂಕು ಇಷ್ಟು ವಿರಳವಾಗಿರುವಲ್ಲಿ, ಸೋಂಕಿಲ್ಲದ ನೂರು ಜನರಲ್ಲಿ ಒಬ್ಬರನ್ನು ತಪ್ಪಾಗಿ ಪಾಸಿಟಿವ್ ಎನ್ನುವ ಪರೀಕ್ಷೆ ಬಳಸಿದೆವು ಎನ್ನಿ. ಹತ್ತು ಸಾವಿರ ಜನರಲ್ಲಿ ನಿಜವಾದ ಸೋಂಕಿತರು 73, ಸುಳ್ಳು ಪಾಸಿಟಿವ್‌ಗಳು 99! ಅದೇ ವರ್ಷದ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ 3,330 ಜನರ ಪೈಕಿ 50 ಮಂದಿ ಪಾಸಿಟಿವ್ ಬಂದಾಗ ಎದ್ದ ದೊಡ್ಡ ಜಗಳದಲ್ಲಿ ಈ ಅಲ್ಪ ದೋಷವೇ ಒಂದು ಮುಖ್ಯ ವಿಷಯ. ಪರೀಕ್ಷೆ ನೂರಕ್ಕೆ ಒಂದೂವರೆಯಷ್ಟು ತಪ್ಪಿದ್ದರೂ ಆ ಐವತ್ತೂ ಸುಳ್ಳಾಗಬಹುದಿತ್ತು.

ನಮ್ಮಲ್ಲೂ ಸಂಖ್ಯೆಗಳು ಒಂದಕ್ಕೊಂದು ಹೊಂದಲಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮನೆಮನೆಗಳ ಮಾದರಿ ತೆಗೆದುಕೊಂಡ ಇನ್ನೊಂದು ಅಧ್ಯಯನ ಕರ್ನಾಟಕದ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಆಗಲೇ ಸೋಂಕು ತಗುಲಿದೆ ಎಂದಿತು. ಆಮೇಲೆ ನಡೆದ ಸರ್ಕಾರಿ ಸಮೀಕ್ಷೆ ಹೇಳಿದ್ದು ಕಾಲುಭಾಗಕ್ಕಿಂತ ತುಸು ಹೆಚ್ಚು. ತಗುಲಿದ ಸೋಂಕು ತಗುಲದಂತಾಗುವುದಿಲ್ಲ; ಬೇರೆಯಾದದ್ದು ಅಳೆದ ರೀತಿ. ಮೊದಲಿನ ಅಧ್ಯಯನ ಮನೆಗಳಿಗೆ ಹೋಗಿತ್ತು. ಸರ್ಕಾರಿ ಸಮೀಕ್ಷೆ ಆಸ್ಪತ್ರೆಗೆ ಬಂದ ಗರ್ಭಿಣಿಯರು, ಬಸ್ ಕಂಡಕ್ಟರುಗಳು, ವೃದ್ಧರು ಮುಂತಾದವರನ್ನು ಆರಿಸಿಕೊಂಡಿತ್ತು. ಬಳಸಿದ ಪರೀಕ್ಷೆಗಳೂ ಬೇರೆ. ಇಂಥಲ್ಲಿ ಒಂದೇ ಸಂಖ್ಯೆಯನ್ನು ಪತ್ರಿಕೆಯ ತಲೆಬರಹಕ್ಕೆ ಕೊಡುವುದು ಪ್ರಾಮಾಣಿಕತೆಯಲ್ಲ. ಇಷ್ಟರಿಂದ ಇಷ್ಟರವರೆಗೆ ಎಂಬ ವ್ಯಾಪ್ತಿಯನ್ನೂ ಯಾರ ರಕ್ತ ಪರೀಕ್ಷಿಸಿದೆವು ಎಂಬುದನ್ನೂ ಜೊತೆಗೇ ಹೇಳಬೇಕು.

ನನ್ನ ಮುಖ್ಯ ತಕರಾರು ಇನ್ನೂ ಮುಂದಿದೆ. ಅದೇ ಸರ್ಕಾರಿ ಸಮೀಕ್ಷೆಯಿಂದ ಸೋಂಕಿತರಲ್ಲಿ ಸಾವಿನ ಪ್ರಮಾಣ ಶೇ 0.05 ಎಂಬ ಲೆಕ್ಕವೂ ಬಂತು. ಕೇಳಿದರೆ ಸಮಾಧಾನವಾಗುತ್ತದೆ. ಆದರೆ ಆ ಭಾಗಾಕಾರದಲ್ಲಿ ಛೇದವನ್ನು ಅಂದಾಜಿನಿಂದ ನಲವತ್ತು ಪಟ್ಟು ಹಿಗ್ಗಿಸಲಾಗಿದೆ; ಅಂಶದಲ್ಲಿ ಇರುವುದು ದಾಖಲಾದ ಸಾವುಗಳು ಮಾತ್ರ. ಪರೀಕ್ಷೆಗೆ ಸಿಗದ ಆ ಕೂಲಿಯವನು ಸೋಂಕಿತರ ಲೆಕ್ಕಕ್ಕೆ ಅಂದಾಜಿನ ಮೂಲಕವಾದರೂ ಬಂದ. ಮನೆಯಲ್ಲೇ ಸತ್ತಿದ್ದರೆ ಸತ್ತವರ ಲೆಕ್ಕಕ್ಕೆ ಬರಲಿಲ್ಲ. ಬದುಕಿದ್ದವನನ್ನು ಊಹಿಸಿ ಎಣಿಸಿ, ಸತ್ತವನನ್ನು ದಾಖಲೆಯಿಲ್ಲವೆಂದು ಬಿಟ್ಟುಬಿಟ್ಟರೆ ಯಾವ ಮಹಾಮಾರಿಯೂ ಸೌಮ್ಯವಾಗಿಯೇ ಕಾಣುತ್ತದೆ.

ಭಾರತದಲ್ಲಿ 2020–21ರ ಹೆಚ್ಚುವರಿ ಸಾವುಗಳು, ಅಂದರೆ ಸಾಮಾನ್ಯವಾಗಿ ನಿರೀಕ್ಷಿಸುವುದಕ್ಕಿಂತ ಹೆಚ್ಚಾದ ಸಾವುಗಳು, ಸುಮಾರು 47 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿತು. ಆ ಅವಧಿಯ ಅಧಿಕೃತ ಕೋವಿಡ್ ಸಾವುಗಳು ಐದು ಲಕ್ಷಕ್ಕೂ ಕಡಿಮೆ. ಕೇಂದ್ರ ಸರ್ಕಾರ ಆ ಲೆಕ್ಕದ ವಿಧಾನವನ್ನೇ ತಿರಸ್ಕರಿಸಿತು. ವಿಧಾನವನ್ನು ಪ್ರಶ್ನಿಸುವ ಹಕ್ಕು ಎಲ್ಲರಿಗೂ ಇದೆ, ಸರ್ಕಾರಕ್ಕೂ ಇದೆ. ಆದರೆ ಸೋಂಕನ್ನು ಅಂದಾಜಿಸಲು ಹೊರಟ ಸರ್ಕಾರ, ಜಿಲ್ಲೆಜಿಲ್ಲೆಯ ಮರಣ ನೋಂದಣಿಯನ್ನು ತಿಂಗಳು ತಿಂಗಳೂ ಪ್ರಕಟಿಸಿ, ಹಿಂದಿನ ವರ್ಷಗಳ ಜೊತೆ ಹೋಲಿಸಿ ನೋಡಲು ಎಲ್ಲರಿಗೂ ಅವಕಾಶ ಕೊಡಬೇಕು.