ಕಾಮಕಸ್ತೂರಿ: ಪದಾರ್ಥವೋ ಪ್ರಸಾದವೋ

ಬೇಡಗಂಪಣರ ಅರ್ಚಕತನವೂ ಸಾಲೂರು ಮಠದ ವೀರಶೈವ ಪರಂಪರೆಯೂ ಬೆಸೆದುಕೊಂಡಿರುವ ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ, ಹನೂರು ತಾಲ್ಲೂಕಿನ ಹೂಗ್ಯಂನಂಥ ಊರುಗಳಲ್ಲಿ, ಪತ್ರೆಯೆಂದರೆ ಮೊದಲು ನೆನಪಾಗುವುದು ಬಿಲ್ವ. ಬಿಲ್ವ ತಲೆಮಾರುಗಳನ್ನು ಕಾಣುವ ಮರ. ಕಾಮಕಸ್ತೂರಿಯಾದರೋ ಮಳೆಗೆ ಮೊಳೆತು, ತೆನೆಗಟ್ಟಿ, ವರುಷ ತುಂಬುವುದರೊಳಗೆ ಒಣಗುವ ಗಿಡ. ತುಳಸಿಯ ಒಡಹುಟ್ಟಾದರೂ ಇದಕ್ಕೆ ಅಂಗಳದಲ್ಲಿ ಕಟ್ಟೆಯಿಲ್ಲ, ಕಾರ್ತಿಕದಲ್ಲಿ ಮದುವೆಯಿಲ್ಲ. ಇದರ ಕುಡಿ ಮಲ್ಲಿಗೆ, ಕನಕಾಂಬರಗಳ ನಡುವೆ ಮಾಲೆಗೆ ಸೇರುತ್ತದೆ. ಎಳ್ಳಿಗಿಂತ ಸಣ್ಣದಾದ ಕರಿಯ ಬೀಜ ನೀರಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಸುತ್ತಲೂ ಲೋಳೆ ತಳೆದು ಉಬ್ಬಿ, ಬೇಸಗೆಯ ಉಷ್ಣಕ್ಕೆ ತಂಪೆಂದು ಪಾನಕಕ್ಕೆ ಬೀಳುತ್ತದೆ.

ದೇವರಿಗೂ ಸಲ್ಲುವ, ಹೊಟ್ಟೆಗೂ ಸಲ್ಲುವ ಇಂಥ ಗಿಡದ ಪಾವಿತ್ರ್ಯ ಇರುವುದಾದರೂ ಎಲ್ಲಿ? ವೀರಶೈವ ಚಿಂತನೆ ಇದಕ್ಕೆ ಕೊಡುವ ಉತ್ತರ ಗಿಡದ ಗುಣವನ್ನು ಆಶ್ರಯಿಸಿಲ್ಲ. ಲಿಂಗಕ್ಕೆ ಅರ್ಪಿಸದೆ ಇರುವುದೆಲ್ಲ ಪದಾರ್ಥ, ಎಂದರೆ ಬರಿಯ ವಸ್ತು. ಅರ್ಪಿತವಾಗಿ ಮರಳಿ ಬಂದದ್ದು ಪ್ರಸಾದ. ಹಾಗೆ ಬಂದುದನ್ನಷ್ಟೇ ಕೊಳ್ಳುವ ನಿಷ್ಠೆ ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲ. ಈ ದೃಷ್ಟಿಯಲ್ಲಿ ಬಿಲ್ವಕ್ಕೂ ಕಾಮಕಸ್ತೂರಿಗೂ ಹುಟ್ಟಿನ ಭೇದವಿಲ್ಲ. ಶಿವನು ಸುಟ್ಟ ಕಾಮನ ಹೆಸರನ್ನು ಹೊತ್ತ ಗಿಡವೂ ಶಿವನಿಗೆ ಸಲ್ಲಬಹುದೆಂಬುದು ಈ ತರ್ಕದ ಸೊಗಸು. ಮೃಗವನ್ನು ಕೊಂದು ತೆಗೆಯುತ್ತಿದ್ದ ಕಸ್ತೂರಿಯ ಹೆಸರು ಕೊಲ್ಲದೆ ದೊರೆಯುವ ಪರಿಮಳಕ್ಕೆ ಬಂದಿರುವುದೂ ಗಮನಾರ್ಹ.

ಕೊಲ್ಲದೆ ಎಂಬ ಮಾತನ್ನು ಮಾತ್ರ ಅಷ್ಟು ಸುಲಭವಾಗಿ ಒಪ್ಪುವಂತಿಲ್ಲ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಕೆಲವರು ಹೂವು, ಪತ್ರೆಗಳನ್ನು ಕೊಯ್ದು ಪೂಜಿಸುವುದನ್ನೇ ಪ್ರಶ್ನಿಸಿದರು. ಆ ಆಕ್ಷೇಪ ನ್ಯಾಯವಾದದ್ದೇ. ಆದರೆ ವಾರ್ಷಿಕ ಗಿಡದ ಮುಂದೆ ಅದು ತುಸು ತೊಡಕಿಗೆ ಸಿಕ್ಕುತ್ತದೆ. ಕಾಮಕಸ್ತೂರಿಯ ತೆನೆಯನ್ನು ಮೊಗ್ಗಿನಲ್ಲೇ ಚಿವುಟಿದರೆ ಪಕ್ಕದ ಕವಲುಗಳು ಚಿಗುರಿ ಗಿಡ ಇನ್ನಷ್ಟು ಕಾಲ ಹಸಿರಾಗಿರುತ್ತದೆ. ಚಿವುಟದೆ ಬಿಟ್ಟರೆ ಬೀಜ ಬಲಿಯುತ್ತಿದ್ದಂತೆ ಎಲೆ ಸಣ್ಣದಾಗಿ, ಕಾಂಡ ಕಡ್ಡಿಯಾಗಿ, ಗಿಡ ತಾನಾಗಿಯೇ ಮುಗಿಯುತ್ತದೆ. ಕೀಳುವ ಕೈ ಅದರ ಆಯುಸ್ಸನ್ನು ಬೆಳೆಸಿ ಸಂತಾನವನ್ನು ಕಸಿಯುತ್ತದೆ. ಇದನ್ನು ಹಿಂಸೆಯೆನ್ನಬೇಕೋ ಪಾಲನೆಯೆನ್ನಬೇಕೋ ಎಂಬುದು ಗಿಡದ ಬಾಳು ಯಾವುದಕ್ಕಾಗಿ ಎಂದು ತಿಳಿಯುತ್ತೇವೆ ಎಂಬುದನ್ನು ಅವಲಂಬಿಸಿದೆ, ಮತ್ತು ಅರ್ಪಣೆಯ ಸಿದ್ಧಾಂತವೊಂದರಿಂದಲೇ ಅದು ಬಗೆಹರಿಯುವಂಥದ್ದಲ್ಲ.

ಬೆಳೆಯುವವರ ರೂಢಿ ಈ ಇಕ್ಕಟ್ಟನ್ನು ಬೇರೊಂದು ಬಗೆಯಲ್ಲಿ ದಾಟುತ್ತದೆ. ಒಂದೆರಡು ಗಿಡಗಳನ್ನು ಮುಟ್ಟದೆ ಬಿಟ್ಟು, ಕಂದು ತಿರುಗಿದ ತೆನೆಗಳನ್ನು ಅಂಗೈಯಲ್ಲಿ ತಿಕ್ಕಿ ಹೊಟ್ಟು ಊದಿ ತೆಗೆದ ಬಿತ್ತನೆ ಬೀಜ ಮಾಲೆಗೂ ಇಲ್ಲ, ಪಾನಕಕ್ಕೂ ಇಲ್ಲ. ಹುಳು ಹಿಡಿಯದಂತೆ ಬೀಜಗಳನ್ನು ಒಲೆಯ ಬೂದಿಯಲ್ಲಿ ಬೆರೆಸಿಡುವುದು ಹಳ್ಳಿಗಳ ಹಳೆಯ ವಾಡಿಕೆ. ಕಾಮನ ಹೆಸರಿನ ಬೀಜವೂ ಮುಂದಿನ ಮಳೆಯವರೆಗೆ ಬೂದಿಯಲ್ಲಿಯೇ ಇರುತ್ತದೆ.