ಮನೆ ತೊರೆದ ಮಕ್ಕಳು ಮತ್ತು ಶ್ರಾವಕಧರ್ಮ

ಹದಿನಾರು ವರ್ಷದ ಮಗನೊಬ್ಬನು ಸಂಜೆ ಮನೆಗೆ ಬರಲಿಲ್ಲ. ಪುಸ್ತಕದ ಚೀಲ ಕೋಣೆಯಲ್ಲಿಯೇ ಇದೆ. ಎರಡು ಜೊತೆ ಬಟ್ಟೆ ಕಾಣುವುದಿಲ್ಲ. ಪರೀಕ್ಷೆಯ ಅಂಕಗಳ ವಿಷಯವಾಗಿ ಹಿಂದಿನ ದಿನ ತಂದೆ ಆಡಿದ ಕಠಿಣ ಮಾತು ಎಲ್ಲರಿಗೂ ನೆನಪಿದೆ; ಯಾರೂ ಬಾಯಿ ಬಿಡುವುದಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಅವನಿಗಾಗಿ ಬಡಿಸಿದ ಅನ್ನ ತಟ್ಟೆಯಲ್ಲಿಯೇ ಉಳಿದಿದೆ. ಇಂತಹ ಹೊತ್ತಿನಲ್ಲಿ ಮರ್ಯಾದಸ್ಥರ ಮನೆಗಳಲ್ಲಿ 'ಮಗು ಎಲ್ಲಿದೆ?' ಎಂಬ ಪ್ರಶ್ನೆಯ ಬೆನ್ನಿಗೇ 'ಇದು ಯಾರಿಗೂ ತಿಳಿಯಬಾರದು' ಎಂಬ ನಿರ್ಧಾರವೂ ಬರುತ್ತದೆ. ಕಾಣೆಯಾದುದು ಹೆಣ್ಣುಮಗುವಾದರೆ ಬಾಗಿಲು ಇನ್ನೂ ಬಿಗಿಯಾಗಿ ಮುಚ್ಚುತ್ತದೆ. ಈ ಮೌನವು ಧರ್ಮಸಮ್ಮತವೇ ಎಂಬುದು ವಿಚಾರಣೀಯ.

ಮೌನವನ್ನು ಸಮರ್ಥಿಸುವವರಿಗೆ ಶಾಸ್ತ್ರದ ಆಧಾರವೂ ದೊರೆಯುವಂತೆ ತೋರುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳನ್ನು ನಿರೂಪಿಸಿದ್ದಾರೆ. ಅವುಗಳಲ್ಲಿ ಉಪಗೂಹನವೂ ಒಂದು. ಅಜ್ಞಾನಿಗಳಿಂದಲೂ ಅಶಕ್ತರಿಂದಲೂ ಒದಗಿದ ದೋಷವನ್ನು ಬೀದಿಗೆ ಹಾಕದೆ ಮರೆಮಾಡುವುದೇ ಉಪಗೂಹನ. ಹಾಗಾದರೆ ಮಗುವಿನ ತಪ್ಪನ್ನು ಮುಚ್ಚಿಡುವುದು ತಪ್ಪೇ?

ಈ ಅಂಗಕ್ಕೆ ಪ್ರಸಿದ್ಧನಾದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯೇ ಉತ್ತರ ಕೊಡುತ್ತದೆ. ಕ್ಷುಲ್ಲಕನ ವೇಷ ಧರಿಸಿ ಬಂದ ಕಳ್ಳನೊಬ್ಬನು ಅವನ ಚೈತ್ಯಾಲಯದ ವೈಡೂರ್ಯ ಮಣಿಯನ್ನು ಅಪಹರಿಸಿದನು. ಕಾವಲುಗಾರರು ಬೆನ್ನಟ್ಟಿದಾಗ ಅವನು ಓಡಿಬಂದು ಶ್ರೇಷ್ಠಿಯನ್ನೇ ಮರೆಹೊಕ್ಕನು. ವೇಷಕ್ಕೆ ಕಳಂಕ ಬಂದರೆ ಧರ್ಮಕ್ಕೇ ಅಪವಾದವೆಂದು ಬಗೆದ ಶ್ರೇಷ್ಠಿಯು, ತನ್ನ ಮಾತಿನಂತೆಯೇ ಇವನು ಮಣಿಯನ್ನು ತಂದನೆಂದು ಹೇಳಿ ಅವರನ್ನು ಹಿಂದಕ್ಕೆ ಕಳುಹಿಸಿದನು. ಕಳ್ಳನನ್ನು ಅನಂತರ ಗುಟ್ಟಾಗಿ ಹೊರಗೆ ಕಳುಹಿಸಿದನು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಶ್ರೇಷ್ಠಿಯು ಮುಚ್ಚಿದ್ದು ಮಣಿ ಕಳೆದುಹೋದ ಸಂಗತಿಯನ್ನಲ್ಲ, ಕೈಗೆ ಸಿಕ್ಕವನ ದೋಷವನ್ನು. ಮಣಿ ಇನ್ನೂ ಕತ್ತಲಲ್ಲಿ ದೂರ ಸಾಗುತ್ತಿರುವಾಗ ಬಾಯಿ ಮುಚ್ಚಿ ಕುಳಿತಿದ್ದರೆ ಅದು ಉಪಗೂಹನವಾಗುತ್ತಿರಲಿಲ್ಲ. ಮಗುವು ಮಣಿಗಿಂತ ಮಿಗಿಲಾದುದು. ಅದು ಸಿಗುವ ತನಕ ಮೌನವು ಮಾನಕಷಾಯ. ಸಿಕ್ಕ ಮೇಲೆ ಮೌನವು ಉಪಗೂಹನ. ಹುಡುಕುವಾಗ ದನಿಯೆತ್ತಬೇಕು, ಕ್ಷಮಿಸುವಾಗ ದನಿ ತಗ್ಗಿಸಬೇಕು. ಅನೇಕ ಮನೆಗಳಲ್ಲಿ ಇದು ತಲೆಕೆಳಗಾಗಿ ನಡೆಯುತ್ತಿದೆ.

ಈ ವಿವೇಕಕ್ಕೆ ಲೌಕಿಕ ಕಾರಣವೂ ಉಂಟು. ಮನೆ ಬಿಟ್ಟ ಮಗುವಿನ ಮೊದಲ ಗಂಟೆಗಳು ಬಸ್ ನಿಲ್ದಾಣದಲ್ಲೋ ರೈಲಿನಲ್ಲೋ ಕಳೆಯುತ್ತವೆ. ದುರುದ್ದೇಶದವರ ಕಣ್ಣು ಬೀಳುವುದೂ ಅಲ್ಲಿಯೇ. ಇಪ್ಪತ್ತನಾಲ್ಕು ಗಂಟೆ ಕಾದು ಪೊಲೀಸರಲ್ಲಿಗೆ ಹೋಗಬೇಕೆಂಬ ನಂಬಿಕೆ ನಿರಾಧಾರವಾದುದು. 2013ರ ಮೇ 10ರಂದು ಸರ್ವೋಚ್ಚ ನ್ಯಾಯಾಲಯವು, ಹದಿನೆಂಟು ವರ್ಷದೊಳಗಿನ ಮಗು ಕಾಣೆಯಾದ ದೂರು ಬಂದಾಗ ಅದನ್ನು ಅಪಹರಣ ಅಥವಾ ಸಾಗಾಣಿಕೆಯೆಂದು ಭಾವಿಸಿ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸಬೇಕೆಂದು ಆದೇಶಿಸಿತು. ಮಕ್ಕಳ ಸಹಾಯವಾಣಿ 1098, ತುರ್ತು ಸಂಖ್ಯೆ 112. ಇತ್ತೀಚಿನ ಭಾವಚಿತ್ರ, ತೊಟ್ಟ ಬಟ್ಟೆಯ ವಿವರ, ಗೆಳೆಯರ ಹೆಸರುಗಳು, ಕೊನೆಯ ಬಾರಿ ಕಂಡ ಸ್ಥಳ, ಇಷ್ಟನ್ನು ಆ ರಾತ್ರಿಯೇ ಒದಗಿಸುವುದು ತಂದೆತಾಯಿಗಳ ಮೊದಲ ಕರ್ತವ್ಯ. ಗೆಳೆಯರನ್ನು ಗದರಿಸಿ ಕೇಳಿದರೆ ಅವರು ಬಾಯಿ ಮುಚ್ಚುತ್ತಾರೆ. ತಾಳ್ಮೆಯಿಂದ ಕೇಳಿದರೆ ತಿಳಿದುದನ್ನು ಹೇಳುತ್ತಾರೆ.

ಮಗು ಮರಳಿದ ಮೇಲೆ ಎರಡನೆಯ ಪರೀಕ್ಷೆ ಆರಂಭವಾಗುತ್ತದೆ. ಭಯ ಕಳೆದ ಕ್ಷಣದಲ್ಲಿಯೇ ಕ್ರೋಧ ಏಳುವುದು ಮನುಷ್ಯಸ್ವಭಾವ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದ್ದಾರೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಮಿತಿಮೀರಿ ಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಇವನ್ನು ಗಾಡಿಯ ಎತ್ತಿಗೆ ಮಾತ್ರ ಅನ್ವಯಿಸಿ ಓದುವ ರೂಢಿಯಿದೆ. ಆದರೆ ಮರಳಿ ಬಂದ ಮಗುವನ್ನು ಕೋಣೆಯಲ್ಲಿ ಕೂಡಿಹಾಕುವುದು ಬಂಧವಲ್ಲವೇ? ಬೆಳಗಿನಿಂದ ರಾತ್ರಿಯವರೆಗೆ ಶಾಲೆಯ ಮೇಲೆ ಟ್ಯೂಷನ್ನು, ಅದರ ಮೇಲೆ ನೆಂಟರ ಮಕ್ಕಳ ಅಂಕಗಳ ಹೋಲಿಕೆ, ಇದು ಅತಿಭಾರವಲ್ಲವೇ? ಇರುವೆಯನ್ನು ನೋಡಿ ಹೆಜ್ಜೆಯಿಡುವ ಶ್ರಾವಕನು ಸ್ವಂತ ಮಗುವಿನ ಮೇಲೆ ಕೈಯೆತ್ತುವಾಗ ವ್ರತವನ್ನು ಮರೆಯಬಾರದು.

ಅಂತಹ ಸಮಯಕ್ಕೆ ಬೇಕಾದುದು ಸ್ಥಿತಿಕರಣ, ಎಂದರೆ ಜಾರಿದವರನ್ನು ಮರಳಿ ನಿಲ್ಲಿಸುವುದು. ಇದಕ್ಕೆ ವಾರಿಷೇಣ ಮುನಿಗಳೇ ನಿದರ್ಶನ. ದೀಕ್ಷೆ ಪಡೆದ ಗೆಳೆಯ ಪುಷ್ಪಡಾಲನ ಮನಸ್ಸು ಬಿಟ್ಟುಬಂದ ಪತ್ನಿಯತ್ತ ಹರಿಯುತ್ತಿದ್ದುದನ್ನು ಕಂಡ ಅವರು ಅವನನ್ನು ನಿಂದಿಸಲಿಲ್ಲ. ತಾವು ತೊರೆದ ಅರಮನೆಗೆ ಜೊತೆಯಲ್ಲಿ ನಡೆದುಹೋಗಿ, ತಾವು ಬಿಟ್ಟ ವೈಭವವನ್ನೆಲ್ಲ ಅವನ ಕಣ್ಣೆದುರು ತೋರಿಸಿದರು. ಉಳಿದುದನ್ನು ಅವನೇ ಅರಿತನು. ಜಾರಿದವನೊಡನೆ ನಡೆದವನು ಮಾತ್ರ ಅವನನ್ನು ನಿಲ್ಲಿಸಬಲ್ಲನು. ಮೊದಲು ಊಟ, ಸ್ನಾನ, ನಿದ್ರೆ, ಅನಂತರ ಪ್ರಶ್ನೆ, ಪ್ರಶ್ನೆಯಲ್ಲಿಯೂ 'ಏಕೆ ಹೋದೆ?' ಎಂಬುದಕ್ಕಿಂತ 'ಇಲ್ಲಿ ಯಾವುದು ಸಹಿಸಲಾಗದಂತಾಯಿತು?' ಎಂಬುದು ಮೇಲು.

ಅನೇಕಾಂತವನ್ನು ಸಭೆಯಲ್ಲಿ ಕೊಂಡಾಡುವ ಸಮಾಜವು ಅದನ್ನು ಮನೆಯೊಳಗೂ ಪಾಲಿಸಬೇಕು. ಮಗು ಹೇಳುವುದರಲ್ಲಿ ಸತ್ಯದ ಒಂದು ಮುಖವಿದ್ದೇ ಇರುತ್ತದೆ. ಹೊಡೆತಕ್ಕೆ, ಕುಡಿತಕ್ಕೆ, ಹೇಳಬಾರದ ಕಿರುಕುಳಕ್ಕೆ ಹೆದರಿ ಹೊರಟ ಮಗುವೂ ಇರಬಹುದು. ಅಲ್ಲಿ ಮನೆಯೇ ತಿದ್ದಿಕೊಳ್ಳಬೇಕೇ ಹೊರತು ಮಗುವಲ್ಲ. ಅದನ್ನು ಅದೇ ಭಯಕ್ಕೆ ಮರಳಿ ಒಪ್ಪಿಸುವುದು ಸ್ಥಿತಿಕರಣವಲ್ಲ. ಕುಂದಕುಂದಾಚಾರ್ಯರ ಪ್ರವಚನಸಾರದಲ್ಲಿ ಶ್ರಮಣನಾಗಬಯಸುವವನೂ ಬಂಧುವರ್ಗವನ್ನು ಕೇಳಿ ಬೀಳ್ಕೊಂಡು ಹೊರಡುತ್ತಾನೆ. ಆದುದರಿಂದ ಹೇಳದೆ ಹೊರಡುವುದು ಸಾಧುವಲ್ಲವೆಂದು ಮಗುವಿಗೆ ತಿಳಿಸಬೇಕಾದುದು ಸರಿಯೇ. ಆದರೆ ಹೇಳಿದರೆ ಕೇಳುವ ಕಿವಿ ಆ ಮನೆಯಲ್ಲಿ ಇತ್ತೇ ಎಂಬುದನ್ನು ಹಿರಿಯರು ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕು.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಹೊಣೆಯಿದೆ. ಕ್ಷೇತ್ರಗಳ ಛತ್ರಗಳಿಗೆ ಒಂಟಿಯಾಗಿ ಬರುವ ಎಳೆಯರನ್ನು ಸಂಶಯದಿಂದ ಓಡಿಸುವುದೂ ಸಲ್ಲದು, ಕನಿಕರದಿಂದ ಸುಮ್ಮನೆ ಇರಿಸಿಕೊಳ್ಳುವುದೂ ಸಲ್ಲದು. ಪೋಷಕರಿಂದ ಬೇರ್ಪಟ್ಟ ಮಗು ಕಂಡಾಗ ಇಪ್ಪತ್ತನಾಲ್ಕು ಗಂಟೆಗಳೊಳಗೆ ಸಹಾಯವಾಣಿಗೋ ಪೊಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕೆಂದು 2015ರ ಬಾಲನ್ಯಾಯ ಕಾಯಿದೆಯು ವಿಧಿಸುತ್ತದೆ. ಅನ್ನ, ಅಭಯ, ಸುದ್ದಿ, ಈ ಮೂರೂ ಒಂದೇ ದಿನ ಸಲ್ಲಬೇಕು.

ಪ್ರತಿವರ್ಷ ದಶಲಕ್ಷಣ ಪರ್ವದ ಬಳಿಕ ಕ್ಷಮಾವಣಿಯಂದು ಹಿರಿಯ ಕಿರಿಯರೆಲ್ಲರೂ ಪರಸ್ಪರ ಕ್ಷಮೆ ಬೇಡುತ್ತಾರೆ. ನೆರೆಯವರ ಮುಂದೆ ಕೈಮುಗಿಯುವ ತಂದೆಯು ಮಗನ ಮುಂದೆ ಕೈಮುಗಿಯುವುದು ವಿರಳ. ಆ ಒಂದು ದಿನ ತಾನು ಆಡಿದ ಕಠಿಣ ಮಾತನ್ನು ಹೆಸರಿಸಿ ಕ್ಷಮೆ ಕೇಳುವ ತಂದೆಯಿಂದ ಮನೆಯ ಗೌರವ ಕುಂದುವುದಿಲ್ಲ. ತಪ್ಪಿದರೂ ಮರಳಲು ದಾರಿಯುಂಟೆಂದು ಮಗನು ತಿಳಿಯುವುದು ಅಲ್ಲಿಂದಲೇ.