ಬಿಡುವು: ಪಡೆದದ್ದು, ಕೊಡಬೇಕಾದದ್ದು

"ಇವತ್ತು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ" ಎಂದು ಸಂಕೋಚವಿಲ್ಲದೆ ಹೇಳಲು ನಮ್ಮಲ್ಲಿ ಎಷ್ಟು ಜನರಿಗೆ ಆದೀತು? ಬಾಗಿಲಲ್ಲಿ ಯಾರೋ ಬಂದ ಸದ್ದಾದರೆ ಸಾಕು, ಕುಳಿತವರು ಎದ್ದು ಏನಾದರೊಂದು ಕೆಲಸ ಹಿಡಿಯುತ್ತೇವೆ. ದುಡಿಮೆ ಪವಿತ್ರವೆಂದು ಕಲಿತ ನಮಗೆ ಬಿಡುವು ಸೋಮಾರಿತನದ ತಂಗಿಯಂತೆ ಕಾಣುತ್ತದೆ. ಇದು ಸರಿಯೇ?

ಆಳಂದ ತಾಲ್ಲೂಕಿನ ಹಿರೋಳ್ಳಿ ಮಹಾರಾಷ್ಟ್ರದ ಗಡಿಯಲ್ಲಿರುವ ಊರು. ತೊಗರಿ, ಜೋಳ ಬೆಳೆಯುವ ಈ ಕಲಬುರಗಿ ಸೀಮೆಯಲ್ಲಿ, ಡಿಸೆಂಬರ್ ಇಲ್ಲವೇ ಜನವರಿಯಲ್ಲಿ ಎಳ್ಳ ಅಮಾವಾಸ್ಯೆ ಬಂತೆಂದರೆ ಮನೆಮಂದಿಯೆಲ್ಲ ಹೊಲಕ್ಕೆ ಹೊರಡುತ್ತಾರೆ. ದುಡಿಯಲು ಅಲ್ಲ, ಉಣ್ಣಲು! ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಅಂಬಲಿ, ಶೇಂಗಾ ಹೋಳಿಗೆಯ ಬುತ್ತಿ ಬಿಚ್ಚುತ್ತಾರೆ. ಪೈರಿಗೆ ಚರಗ ಚೆಲ್ಲಿ, ನೆಂಟರನ್ನೂ ನೆರೆಯವರನ್ನೂ ಕರೆದು ಕೂರಿಸಿ ಬಡಿಸುತ್ತಾರೆ. ಕಳೆ ಎಷ್ಟು, ಸಾಲ ಎಷ್ಟು ಎಂದು ವರ್ಷವಿಡೀ ಲೆಕ್ಕದ ಕಣ್ಣಿನಿಂದ ನೋಡಿದ ಹೊಲವನ್ನು ಅಂದು ಸಂತೋಷದ ಕಣ್ಣಿನಿಂದ ನೋಡುತ್ತಾರೆ.

ಆ ಹಬ್ಬದ ವಿಧಿಗಳು ನಮ್ಮವಲ್ಲದಿರಬಹುದು. ಆದರೆ ಆ ನೋಟ ನಮ್ಮ ಬೈಬಲ್ಲಿನ ಮೊದಲ ಪುಟಗಳಲ್ಲೇ ಇದೆ. ದೇವರು ತಾವು ಸೃಷ್ಟಿಸಿದ್ದನ್ನೆಲ್ಲ ನೋಡಿದರು. ಅದು ಬಹಳ ಚೆನ್ನಾಗಿತ್ತು. ಏಳನೆಯ ದಿನ ವಿಶ್ರಮಿಸಿದರು. ದೇವರಿಗೆ ಆಯಾಸವಾಗಿತ್ತೇ? ಇಲ್ಲ. ಭಾನುವಾರದ ಬಗ್ಗೆ 1998ರಲ್ಲಿ ಬರೆದ ಪತ್ರದಲ್ಲಿ ಪೋಪ್ ಎರಡನೇ ಜಾನ್ ಪಾಲರು, ಆ ವಿಶ್ರಾಂತಿಯನ್ನು ಸೃಷ್ಟಿಯ ಮೇಲೆ ದೇವರು ಹರಿಸಿದ ಆನಂದದ ನೋಟವೆಂದು ವಿವರಿಸಿದ್ದಾರೆ. ಹಾಗಾದರೆ ಬಿಡುವು ಎಂದರೆ ನಾಳೆಯ ದುಡಿಮೆಗೆ ಮೈ ಸಜ್ಜುಮಾಡಿಕೊಳ್ಳುವುದಷ್ಟೇ ಅಲ್ಲ. ದೇವರು ಕೊಟ್ಟದ್ದನ್ನು ಕಣ್ತುಂಬ ಕಂಡು ಕೃತಜ್ಞರಾಗುವ ಹೊತ್ತು ಅದು.

ಕೆಲಸವೆಲ್ಲ ಮುಗಿಯಲಿ, ಆಮೇಲೆ ನೋಡೋಣ ಎನ್ನುತ್ತೀರಾ? ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯ ತೆರೆಯಿರಿ. ಜನ ಬಂದುಹೋಗುತ್ತಲೇ ಇದ್ದರು. ಶಿಷ್ಯರಿಗೆ ಊಟಕ್ಕೂ ಪುರುಸೊತ್ತಿರಲಿಲ್ಲ. ಕೆಲಸ ಮುಗಿದಿರಲಿಲ್ಲ. ಆದರೂ ಯೇಸುಸ್ವಾಮಿ ಅವರನ್ನು ಏಕಾಂತಕ್ಕೆ ಕರೆದರು, ಸ್ವಲ್ಪ ದಣಿವಾರಿಸಿಕೊಳ್ಳಲು ಹೇಳಿದರು. ಆದರೆ ದೋಣಿ ದಡ ಮುಟ್ಟುವ ಮೊದಲೇ ಜನ ಅಲ್ಲಿಯೂ ಸೇರಿದ್ದರು. ಸ್ವಾಮಿ ಸಿಡುಕಲಿಲ್ಲ, ಕನಿಕರಪಟ್ಟರು. ನಮ್ಮ ಬಿಡುವು ನಮ್ಮೊಬ್ಬರ ಸೊತ್ತಲ್ಲ, ಪರರ ಅಗತ್ಯ ಕಂಡಾಗ ಬಾಗಿಲು ತೆರೆಯಬೇಕು ಎಂಬುದನ್ನೂ ಈ ಘಟನೆ ಕಲಿಸುತ್ತದೆ.

ಇಲ್ಲಿಂದಲೇ ಕಷ್ಟದ ಪ್ರಶ್ನೆ ಹುಟ್ಟುತ್ತದೆ. ನನ್ನ ಬಿಡುವಿನ ಬೆಲೆಯನ್ನು ತೆರುವವರು ಯಾರು?

ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡಬಾರದೆಂಬ ವಾಡಿಕೆ ನಮ್ಮ ನಾಡಿನ ಹಲವು ಹಳ್ಳಿಗಳದು. ಕಾರ ಹುಣ್ಣಿಮೆಯಂದು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಮೆರೆಸುತ್ತಾರೆ. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯವೂ ಸಬ್ಬತ್ತಿನ ವಿಶ್ರಾಂತಿಯನ್ನು ಯಜಮಾನನೊಬ್ಬನಿಗೇ ಮೀಸಲಿಡುವುದಿಲ್ಲ. ಮಗ, ಮಗಳು, ಆಳು, ಪರದೇಶಿ, ಎತ್ತು, ಕತ್ತೆ ಎಲ್ಲರನ್ನೂ ಹೆಸರಿಸುತ್ತದೆ. ಕಾರಣವನ್ನೂ ಕೊಡುತ್ತದೆ: ನೀವು ಈಜಿಪ್ಟಿನಲ್ಲಿ ಗುಲಾಮರಾಗಿದ್ದಿರಿ, ಅದನ್ನು ಮರೆಯಬೇಡಿ. ಗುಲಾಮನಿಗೆ ಬಿಡುವಿಲ್ಲ. ಬಿಡುವು ಬಿಡುಗಡೆಯಾದವರ ಗುರುತು.

ಈಗ ನಮ್ಮ ಮನೆಯ ಭಾನುವಾರವನ್ನು ನೋಡೋಣ. ಪೂಜೆ ಮುಗಿಸಿ ಬಂದ ಗಂಡಸರು ಕಾಲು ಚಾಚುತ್ತಾರೆ, ಮಕ್ಕಳು ಮೊಬೈಲ್ ಹಿಡಿಯುತ್ತಾರೆ. ಅಮ್ಮನಿಗೆ? ವಿಶೇಷ ಅಡುಗೆ, ನೆಂಟರ ಉಪಚಾರ, ವಾರದ ಬಟ್ಟೆಯ ರಾಶಿ. ವಾರದಲ್ಲೇ ಅತಿ ಹೆಚ್ಚು ದಣಿಯುವ ದಿನ ಅವರಿಗೆ ಅದೇ! ಮಾರ್ತಳನ್ನು ನಾವು ಸುಲಭವಾಗಿ ಟೀಕಿಸುತ್ತೇವೆ. ಅಂದು ಒಳಗಿನ ಕೆಲಸಕ್ಕೆ ನಾಲ್ಕು ಕೈ ಕೂಡಿದ್ದರೆ ಅವಳೂ ಮರಿಯಳ ಪಕ್ಕ ಸ್ವಾಮಿಯ ಪಾದದ ಬಳಿ ಕೂರುತ್ತಿರಲಿಲ್ಲವೇ?

ದಿನಗೂಲಿಯವರ ಮಾತು ಇನ್ನೂ ಕಠಿಣ. ಒಂದು ದಿನ ಕೂತರೆ ಒಂದು ದಿನದ ಒಲೆ ಉರಿಯದು. ಈ ಸೀಮೆಯಿಂದ ಮುಂಬೈ, ಪುಣೆಗಳಿಗೆ ದುಡಿಯಲು ಹೋದ ಕುಟುಂಬಗಳಿಗೆ ಒಟ್ಟಿಗೆ ಕುಳಿತು ಉಣ್ಣುವುದೇ ಅಪರೂಪ. ಅವರಿಗೆ ವಿಶ್ರಾಂತಿಯ ಉಪದೇಶ ಮಾಡುವುದು ಕ್ರೂರವಾದೀತು. ಉಪದೇಶ ಬೇಕಾದದ್ದು ದುಡಿಸಿಕೊಳ್ಳುವ ನಮಗೆ. 1891ರಲ್ಲೇ ಪೋಪ್ ಹದಿಮೂರನೇ ಲಿಯೋ ಅವರು ಕಾರ್ಮಿಕರ ಭಾನುವಾರದ ವಿಶ್ರಾಂತಿಯನ್ನೂ, ಸಂಸಾರ ಸಾಗಿಸಲು ಸಾಲುವಷ್ಟು ಕೂಲಿಯನ್ನೂ ಒಂದೇ ಪತ್ರದಲ್ಲಿ ಎತ್ತಿ ಹೇಳಿದರು. ಕೂಲಿ ಸಾಲದಿದ್ದರೆ ವಿಶ್ರಾಂತಿ ಬರೀ ಮಾತು.

ಬನ್ನಿ, ಈ ಭಾನುವಾರ ಚಿಕ್ಕದಾಗಿ ಆರಂಭಿಸೋಣ. ಅಡುಗೆ ಸರಳವಾಗಿರಲಿ, ಪಾತ್ರೆಯನ್ನು ಅಪ್ಪನೂ ಮಕ್ಕಳೂ ತೊಳೆಯಲಿ. ಮನೆಗೆಲಸದವರಿಗೆ ಸಂಬಳ ಹಿಡಿಯದೆ ರಜೆ ಕೊಡೋಣ. ಸಂಜೆ ಮೊಬೈಲ್ ಬದಿಗಿಟ್ಟು ಮನೆಮಂದಿಯೆಲ್ಲ ಅಂಗಳದಲ್ಲೋ ಮಾಳಿಗೆಯ ಮೇಲೋ ಒಂದು ಗಂಟೆ ಕೂರೋಣ. ಒಂಟಿಯಾಗಿರುವ ನೆರೆಯವರೊಬ್ಬರನ್ನು ಜೊತೆಗೆ ಕರೆಯೋಣ.

ಆ ಒಂದು ಗಂಟೆ ನಾವು ದುಡಿಯದಿದ್ದರೂ ಲೋಕ ನಡೆಯುತ್ತದೆ, ಹೊಲದಲ್ಲಿ ಜೋಳ ತೆನೆಗಟ್ಟುತ್ತದೆ. ನಡೆಸುವವರು ಬೇರೊಬ್ಬರಿದ್ದಾರೆ ಎಂದು ನಂಬಿ ಕೈ ಬಿಚ್ಚಿ ಕೂರುವುದೂ ಒಂದು ಪ್ರಾರ್ಥನೆಯೇ. ಆ ನಂಬಿಕೆಯನ್ನು, ಇತರರಿಗೂ ಬಿಡುವು ಕೊಡುವ ಮನಸ್ಸನ್ನು ಪ್ರಭು ನಮಗೆ ದಯಪಾಲಿಸಲಿ.